ಚಳಿಗೆ ಜೀಪು ಸ್ಟಾರ್ಟ್ ಆಗ್ತಿಲ್ವಾ? ಸೆಲ್ಫ್ ಹೊಡೆಯುವ ಮೊದಲು ಇದನ್ನೊಮ್ಮೆ ಓದಿ

ಮಡಿಕೇರಿ: ಡಿಸೆಂಬರ್ ಬಂತೆಂದರೆ ಕೊಡಗಿನ ಊರುಗಳಲ್ಲಿ ಬೆಳಗಿನ ಜಾವ ಕೋಳಿ ಕೂಗುವುದಕ್ಕೂ ಮೊದಲು ಒಂದು ಸದ್ದು ಕೇಳಿಸುತ್ತದೆ. ಯಾವುದೋ ಶೆಡ್‌ನೊಳಗೆ ಹಳೆ ಜೀಪಿನ ಸೆಲ್ಫ್ ಮೋಟಾರ್ ನರಳುತ್ತಿರುತ್ತದೆ. ಎರಡು ಸಲ, ಮೂರು ಸಲ, ಆಮೇಲೆ ಸದ್ದು ನಿಧಾನವಾಗಿ ಕೊನೆಗೆ "ಟಿಕ್" ಅಂತ ನಿಂತೇ ಹೋಗುತ್ತದೆ. ಅಷ್ಟರಲ್ಲಿ ಲೈನ್ ಮನೆ ಮುಂದೆ ಕೊಯ್ಲಿನ ಆಳುಗಳು ಕಾಯುತ್ತಿರುತ್ತಾರೆ, ಇಲ್ಲವೇ ಮಾಂದಲಪಟ್ಟಿಯಲ್ಲಿ ಸೂರ್ಯೋದಯ ನೋಡಲು ಹೊರಟ ಪ್ರವಾಸಿಗರು ಸ್ವೆಟರ್‌ನೊಳಗೆ ಕೈ ಹುದುಗಿಸಿ ನಿಂತಿರುತ್ತಾರೆ. ಇವೆರಡೂ ಅರ್ಧ ಗಂಟೆ ತಡವಾದರೆ ಪರವಾಗಿಲ್ಲ. ಆದರೆ ಮನೆಯಲ್ಲಿ ಯಾರಿಗೋ ಎದೆನೋವು ಬಂದು, ಮುಖ್ಯ ರಸ್ತೆ ಮೂರು ಕಿಲೋಮೀಟರ್ ದೂರವಿದ್ದು, ಆ ಮಣ್ಣು ರಸ್ತೆಗೆ ಇಳಿಯಬಲ್ಲ ಗಾಡಿ ಈ ಜೀಪೊಂದೇ ಆಗಿದ್ದಾಗ ಆ "ಟಿಕ್" ಸದ್ದು ಬೇರೆಯೇ ಥರ ಕೇಳಿಸುತ್ತದೆ.

"ಚಳಿ ಅಲ್ವಾ, ಡೀಸೆಲ್ ಗಾಡಿ ಹಾಗೇನೇ" ಎನ್ನುವುದು ಇಲ್ಲಿ ಎಲ್ಲರ ಬಾಯಲ್ಲೂ ಬರುವ ಮಾತು. ಇದು ಅರ್ಧ ಮಾತ್ರ ನಿಜ. ನಮ್ಮಲ್ಲಿ ಬೀಳುವ ಚಳಿ ಹೆಚ್ಚೆಂದರೆ 10 ಡಿಗ್ರಿ ಆಸುಪಾಸು, ಕೆಲವು ದಿನ ಅದಕ್ಕಿಂತ ಸ್ವಲ್ಪ ಕೆಳಗೆ. ಬ್ಯಾಟರಿ, ಹೀಟರ್, ಡೀಸೆಲ್ ಲೈನ್ ಮೂರೂ ಸರಿ ಇರುವ ಗಾಡಿ, ಅದು 30 ವರ್ಷ ಹಳೆಯದೇ ಆಗಿರಲಿ, ಇಷ್ಟು ಚಳಿಗೆ ಸ್ಟಾರ್ಟ್ ಆಗಲೇಬೇಕು. ಆಗಲಿಲ್ಲವೆಂದರೆ ಗಾಡಿಗೆ ಮೊದಲೇ ಏನೋ ಕಾಯಿಲೆ ಇತ್ತು, ಬೇಸಿಗೆಯಲ್ಲಿ ಮುಚ್ಚಿಹೋಗಿದ್ದದ್ದು ಚಳಿಗೆ ಹೊರಗೆ ಬಂತು ಅಷ್ಟೆ. ಆ ಕಾಯಿಲೆ ಯಾವುದು ಅಂತ ಸ್ಪ್ಯಾನರ್ ಹಿಡಿಯುವ ಮೊದಲೇ ಬಹುಪಾಲು ಗೊತ್ತು ಮಾಡಿಕೊಳ್ಳಬಹುದು.

ಚಳಿ ಎಂಜಿನ್‌ಗೆ ಏನು ಮಾಡುತ್ತೆ?

ಪೆಟ್ರೋಲ್ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹೊತ್ತಿಸುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಕಿಡಿಯೇ ಇಲ್ಲ. ಪಿಸ್ಟನ್ ಮೇಲೆ ಬರುವಾಗ ಸಿಲಿಂಡರ್‌ನೊಳಗಿನ ಗಾಳಿಯನ್ನು ಒತ್ತುತ್ತದೆ. ಸೈಕಲ್ ಪಂಪು ಹೊಡೆದಾಗ ಅದರ ಬುಡ ಬಿಸಿಯಾಗುತ್ತದಲ್ಲ, ಅದೇ ಲೆಕ್ಕ. ಒತ್ತಿದ ಗಾಳಿ 500 ಡಿಗ್ರಿ ದಾಟಿ ಬಿಸಿಯಾಗುತ್ತದೆ, ಅದೇ ಹೊತ್ತಿಗೆ ನಾಜಲ್ ಡೀಸೆಲ್ ಸಿಂಪಡಿಸುತ್ತದೆ, ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಚಳಿಯಲ್ಲಿ ಒಳಗೆ ಬರುವ ಗಾಳಿಯೇ ತಣ್ಣಗಿರುತ್ತದೆ. ರಾತ್ರಿಯೆಲ್ಲ ತಣಿದ ಸಿಲಿಂಡರ್ ಗೋಡೆ, ಹುಟ್ಟಿದ ಬಿಸಿಯನ್ನು ಹೀರಿಕೊಳ್ಳುತ್ತದೆ. ಜೊತೆಗೆ ಎಂಜಿನ್ ಆಯಿಲ್ ಮಂದವಾಗಿ ಸೆಲ್ಫ್ ನಿಧಾನಕ್ಕೆ ತಿರುಗುತ್ತದೆ. ನಿಧಾನವಾಗಿ ಒತ್ತಿದ ಗಾಳಿ ಬಿಸಿಯಾಗುವ ಮೊದಲೇ ರಿಂಗ್ ಸಂದಿಯಲ್ಲಿ ಸೋರಿ ಹೋಗುತ್ತದೆ. ಇದರಲ್ಲಿ ಮುಖ್ಯವಾದದ್ದು ಈ ಕೊನೆಯದು. ಡೀಸೆಲ್ ಎಂಜಿನ್‌ಗೆ ಸುಮ್ಮನೆ ತಿರುಗಿದರೆ ಸಾಲದು, ಜೋರಾಗಿ ತಿರುಗಬೇಕು.

ಇನ್ನೊಂದು ವಿಷಯ ನಮ್ಮ ಗುಡ್ಡಕ್ಕೆ ಸೇರಿದ್ದು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇ 12ರಷ್ಟು ಕಡಿಮೆ. ಅಂದರೆ ಸಿಲಿಂಡರ್‌ಗೆ ಸಿಗುವ ಗಾಳಿಯೇ ಅಷ್ಟು ಕಡಿಮೆ. ಕೆಳಗೆ ಸುಳ್ಯದಲ್ಲೋ ಪುತ್ತೂರಿನಲ್ಲೋ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತಿದ್ದ ಸೆಕೆಂಡ್ ಹ್ಯಾಂಡ್ ಗಾಡಿ ತಂದವರು, ಮೇಲೆ ಬಂದ ಮೊದಲ ಜನವರಿಯಲ್ಲಿ "ಮೋಸ ಹೋದೆ" ಅನ್ನುವುದಿದೆ. ಮೋಸವೇ ಆಗಿರಬೇಕೆಂದಿಲ್ಲ. ಸವೆದ ರಿಂಗ್‌ಗಳು ಕೆಳಗೆ ತಡೆದುಕೊಂಡಿದ್ದವು, ಇಲ್ಲಿ ತಡೆಯಲಿಲ್ಲ.

ಹೊಗೆ ನೋಡಿ, ಸದ್ದು ಕೇಳಿ

ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲಿಲ್ಲವೆಂದರೆ ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಸೈಲೆನ್ಸರ್ ಕೊಳವೆ ಕಡೆ ಟಾರ್ಚ್ ಬಿಟ್ಟು ನಿಲ್ಲಲಿ. ಇಷ್ಟರಲ್ಲೇ ಮುಕ್ಕಾಲು ಉತ್ತರ ಸಿಗುತ್ತದೆ.

ಎಂಜಿನ್ ಸೋಮಾರಿಯಾಗಿ, ತಡೆತಡೆದು ತಿರುಗುತ್ತಿದ್ದರೆ ಹೊಗೆ ನೋಡುವ ಅಗತ್ಯವೇ ಇಲ್ಲ. ಬ್ಯಾಟರಿ, ಟರ್ಮಿನಲ್, ಅರ್ಥ್ ವಯರ್ ಅಥವಾ ಸೆಲ್ಫ್ ಮೋಟಾರ್, ಈ ನಾಲ್ಕರಲ್ಲಿ ಒಂದು. ಎಂಜಿನ್ ಜೋರಾಗಿ ತಿರುಗುತ್ತಿದೆ, ಬಿಳಿ ಹೊಗೆ ದಂಡಿಯಾಗಿ ಬರುತ್ತಿದೆ, ಕಣ್ಣು ಉರಿಸುವ ಹಸಿ ಡೀಸೆಲ್ ವಾಸನೆ ಇದೆ ಅಂದರೆ, ಡೀಸೆಲ್ ಒಳಗೆ ಹೋಗುತ್ತಿದೆ ಆದರೆ ಹೊತ್ತಿಕೊಳ್ಳುತ್ತಿಲ್ಲ. ಮೊದಲ ಅನುಮಾನ ಹೀಟರ್ ಮೇಲೆ, ಆಮೇಲೆ ನಾಜಲ್ ಮತ್ತು ಕಂಪ್ರೆಷನ್ ಮೇಲೆ. ಎಂಜಿನ್ ಜೋರಾಗಿಯೇ ತಿರುಗುತ್ತಿದೆ, ಆದರೆ ಹೊಗೆಯೇ ಇಲ್ಲವಾದರೆ ಡೀಸೆಲ್ ಸಿಲಿಂಡರ್ ತನಕ ತಲುಪುತ್ತಿಲ್ಲ. ಆಗ ಎಷ್ಟು ಹೊಸ ಬ್ಯಾಟರಿ ತಂದು ಹಾಕಿದರೂ ಪ್ರಯೋಜನವಿಲ್ಲ.

ಈ ಮೂರನ್ನು ಬೇರೆ ಮಾಡಿ ನೋಡದೆ ಬ್ಯಾಟರಿ ಮುಗಿಯುವ ತನಕ ಸೆಲ್ಫ್ ಹೊಡೆಯುವುದೇ ದೊಡ್ಡ ತಪ್ಪು. ಒಂದು ಸಲಕ್ಕೆ 10 ಸೆಕೆಂಡ್, ತಪ್ಪಿದರೆ 15. ಅದಕ್ಕಿಂತ ಹೆಚ್ಚು ಬೇಡ. ಮತ್ತೆ ಹೊಡೆಯುವ ಮೊದಲು ಅರ್ಧದಿಂದ ಒಂದು ನಿಮಿಷ ಬಿಡಿ. ಸೆಲ್ಫ್ ಮೋಟಾರ್ ಎಳೆಯುವುದು ನೂರಾರು ಆಂಪಿಯರ್ ಕರೆಂಟು. ಬಿಡದೆ ಹೊಡೆದರೆ ಒಳಗಿನ ಕಾಯಿಲ್ ಸುಟ್ಟು, ಬ್ಯಾಟರಿ ಜೊತೆ ಸೆಲ್ಫ್ ಬಿಲ್ಲೂ ಸೇರಿಕೊಳ್ಳುತ್ತದೆ.

ಬ್ಯಾಟರಿಗಿಂತ ಮೊದಲು ಆ ಕಪ್ಪು ವಯರ್ ನೋಡಿ

ಇಲ್ಲಿ ಸ್ವಂತ ಅನುಭವ ಹೇಳಲೇಬೇಕು. ನಮ್ಮ ಮನೆಯ ಜೀಪಿಗೆ ಮೂರು ವರ್ಷದಲ್ಲಿ ಎರಡು ಬ್ಯಾಟರಿ ಬದಲಾಯಿತು. ಪ್ರತಿ ಚಳಿಗಾಲಕ್ಕೂ ಅದೇ ಗೋಳು. ಕೊನೆಗೊಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ ಬಂದವರು ಬ್ಯಾಟರಿ ಮುಟ್ಟಲೇ ಇಲ್ಲ. ಎಂಜಿನ್‌ನಿಂದ ಛಾಸಿಗೆ ಹೋಗುವ ಹೆಣೆದ ಅರ್ಥ್ ಪಟ್ಟಿಯನ್ನು ಕೈಯಲ್ಲಿ ಹಿಡಿದು ಎಳೆದರು, ಅರ್ಧಕ್ಕರ್ಧ ಎಳೆ ಪುಡಿಯಾಗಿ ಉದುರಿತು. ಮಳೆಗಾಲದ ಕೆಸರು, ತುಕ್ಕು ಸೇರಿ ತಿಂದುಹಾಕಿತ್ತು. ಹೊಸ ಪಟ್ಟಿಗೆ ಆದ ಖರ್ಚು ಒಂದು ಬ್ಯಾಟರಿಯ ಬೆಲೆಯ ಮುಂದೆ ಲೆಕ್ಕಕ್ಕೇ ಇಲ್ಲ. ಹಳೆ ಬ್ಯಾಟರಿಗಳನ್ನು ಎಕ್ಸ್‌ಚೇಂಜ್‌ಗೆ ಕೊಟ್ಟಾಗಿತ್ತು, ಅವು ಚೆನ್ನಾಗಿಯೇ ಇದ್ದವೋ ಏನೋ.

ಕೊಡಗಿನ ಮಳೆ ಕಂಡ ಗಾಡಿಗಳಲ್ಲಿ ಇದು ಅಪರೂಪದ ಕತೆಯಲ್ಲ. ಆದ್ದರಿಂದ ಕ್ರಮ ಹೀಗಿರಲಿ. ಬ್ಯಾಟರಿ ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿಯನ್ನು ಬಿಸಿನೀರು, ಅಡುಗೆ ಸೋಡಾ ಹಾಕಿ ತೊಳೆಯಿರಿ. ಆ ನೀರು ಬ್ಯಾಟರಿ ಮುಚ್ಚಳದೊಳಗೆ ಹೋಗಬಾರದು. ಕ್ಲಾಂಪ್ ಒಳಮೈ ಹೊಳೆಯುವಂತೆ ಉಜ್ಜಿ, ಬಿಗಿ ಮಾಡಿ, ಮೇಲೆ ತೆಳ್ಳಗೆ ವ್ಯಾಸಲಿನ್ ಸವರಿ. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಆಮೇಲೆ ಅರ್ಥ್ ಪಟ್ಟಿಯ ಎರಡೂ ತುದಿ ಬಿಚ್ಚಿ ತುಕ್ಕು ಕೆರೆಯಿರಿ.

ಮಲ್ಟಿಮೀಟರ್ ಈಗ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಗಾಡಿಯಲ್ಲಿ ಒಂದು ಇರಲಿ. ರಾತ್ರಿಯೆಲ್ಲ ನಿಂತ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12.4 ಆದರೆ ಮುಕ್ಕಾಲು, 12.2 ಆದರೆ ಅರ್ಧ. 12ಕ್ಕೆ ಇಳಿದಿದ್ದರೆ ಡೀಸೆಲ್ ಎಂಜಿನ್ ತಿರುಗಿಸುವ ಆಸೆ ಬಿಡಿ. ಪೂರ್ತಿ ಚಾರ್ಜ್ ಇದ್ದೂ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಆಯಸ್ಸು ಮುಗಿಯುತ್ತಾ ಬಂದಿದೆ. ಈಗ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದು ಎಂಜಿನ್‌ನ ಬರಿ ಲೋಹದ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಕಳ್ಳ ಅರ್ಥ್ ವಯರ್‌ನಲ್ಲೇ ಇದ್ದಾನೆ.

ಎಸ್ಟೇಟ್ ಗಾಡಿಗಳ ಬ್ಯಾಟರಿ ಬೇಗ ಸೋಲುವುದಕ್ಕೆ ಇನ್ನೊಂದು ಕಾರಣವಿದೆ. ಕೊಯ್ಲಿನ ಸಮಯದಲ್ಲಿ ಗಾಡಿ ದಿನಕ್ಕೆ ಹತ್ತು ಸಲ ಸ್ಟಾರ್ಟ್ ಆಗುತ್ತದೆ, ಆದರೆ ಓಡುವುದು ತೋಟದಿಂದ ಕಣಕ್ಕೆ, ಕಣದಿಂದ ತೋಟಕ್ಕೆ ಒಂದೆರಡು ಕಿಲೋಮೀಟರ್ ಮಾತ್ರ. ಪ್ರತಿ ಸ್ಟಾರ್ಟಿಗೆ ಖರ್ಚಾದ ಚಾರ್ಜ್ ಆ ಓಟದಲ್ಲಿ ವಾಪಸ್ ಬರುವುದಿಲ್ಲ. ಮೇಲೆ ಮಂಜಿಗೆಂದು ಹಾಕಿಸಿದ ಹೆಚ್ಚುವರಿ ಲೈಟು, ಹಾಡಿನ ಸೆಟ್ಟು ಬೇರೆ. ಜನವರಿ ಹೊತ್ತಿಗೆ ಬ್ಯಾಟರಿ ಅರ್ಧ ಹೊಟ್ಟೆಯಲ್ಲಿರುತ್ತದೆ. ವಾರಕ್ಕೊಮ್ಮೆ ಕುಶಾಲನಗರಕ್ಕೋ ವಿರಾಜಪೇಟೆಗೋ ಒಂದು ಉದ್ದ ಓಟ ಹೋಗಿ ಬನ್ನಿ, ಇಲ್ಲವೇ ರಾತ್ರಿ ಚಾರ್ಜರ್‌ಗೆ ಹಾಕಿ. ಎಂಜಿನ್ ಓಡುವಾಗ ಬ್ಯಾಟರಿ ತುದಿಯಲ್ಲಿ 13.8ರಿಂದ 14.4 ವೋಲ್ಟ್ ಇರಬೇಕು. ಇಲ್ಲದಿದ್ದರೆ ತಪ್ಪು ಬ್ಯಾಟರಿಯದಲ್ಲ, ಡೈನಮೋದ್ದು.

ಹೀಟರ್ ಇದೆಯಾ, ಇಲ್ವಾ?

ಇದು ಗಾಡಿಯ ಎಂಜಿನ್ ಮೇಲೆ ಹೋಗುತ್ತದೆ. ಮಹೀಂದ್ರಾ ಜೀಪುಗಳಲ್ಲಿ ಹೆಸರಿನ ಪಕ್ಕ ಡಿಪಿ ಎಂದಿದ್ದರೆ ಅದು ಪ್ಯೂಜೊ ಎಂಜಿನ್, ಡಿಐ ಎಂದಿದ್ದರೆ ಡೈರೆಕ್ಟ್ ಇಂಜೆಕ್ಷನ್. ಪ್ಯೂಜೊ ಮಾದರಿಯಲ್ಲಿ ಡೀಸೆಲ್ ಮೊದಲು ಒಂದು ಪುಟ್ಟ ಕೋಣೆಯಲ್ಲಿ ಹೊತ್ತಿಕೊಂಡು ಆಮೇಲೆ ಸಿಲಿಂಡರ್‌ಗೆ ಹರಡುತ್ತದೆ. ಆ ಕೋಣೆಯ ಗೋಡೆ ಚಳಿಯಲ್ಲಿ ಬಿಸಿಯನ್ನೆಲ್ಲ ನುಂಗುವುದರಿಂದ ಪ್ರತಿ ಸಿಲಿಂಡರ್‌ಗೂ ಒಂದು ಹೀಟರ್ ಪ್ಲಗ್ ಇಟ್ಟಿರುತ್ತಾರೆ. ಹಳೆ ಡೀಸೆಲ್ ಅಂಬಾಸಿಡರ್, ಮೊದಲ ತಲೆಮಾರಿನ ಸುಮೊ ಇವೂ ಇದೇ ಜಾತಿ. ಡಿಐ ಎಂಜಿನ್‌ನಲ್ಲಿ ಡೀಸೆಲ್ ನೇರ ಪಿಸ್ಟನ್ ತಲೆಯ ಮೇಲೆಯೇ ಬೀಳುವುದರಿಂದ ಬಿಸಿ ಕಡಿಮೆ ಪೋಲಾಗುತ್ತದೆ. ನಮ್ಮ ಹವಾಮಾನಕ್ಕೆ ಅದು ಹೀಟರ್ ಇಲ್ಲದೆಯೇ ಸ್ಟಾರ್ಟ್ ಆಗುತ್ತದೆ. ಹಾಗಾಗಿ ಪಕ್ಕದ ಮನೆಯ ಡಿಐ ಒಂದೇ ಏಟಿಗೆ ಸ್ಟಾರ್ಟ್ ಆಯ್ತು, ನಮ್ಮ ಪ್ಯೂಜೊ ಆಗಲಿಲ್ಲ ಅಂತ ಬೇಜಾರು ಮಾಡಿಕೊಂಡು ಪ್ರಯೋಜನವಿಲ್ಲ. ಎರಡಕ್ಕೂ ಜಾತಕವೇ ಬೇರೆ.

ಕಷ್ಟವೆಂದರೆ, ಪ್ಯೂಜೊ ಎಂಜಿನ್‌ನ ಎಷ್ಟೋ ಗಾಡಿಗಳಲ್ಲಿ ಹೀಟರ್ ವಯರ್ ಯಾವತ್ತೋ ಕಿತ್ತುಹೋಗಿರುತ್ತದೆ. ಹೀಟರ್ ಸುಟ್ಟಾಗ "ನಮ್ಮ ಕಡೆಗೆ ಇದೆಲ್ಲ ಬೇಡ ಸಾರ್" ಅಂತ ಯಾರೋ ಬಿಚ್ಚಿಟ್ಟಿರುತ್ತಾರೆ. ಎಂಜಿನ್ ಹೊಸದಿದ್ದಾಗ ಅದು ನಡೆಯುತ್ತದೆ. ರಿಂಗ್ ಸವೆದು ಕಂಪ್ರೆಷನ್ ಕಡಿಮೆಯಾದ ಮೇಲೆ ನಡೆಯುವುದಿಲ್ಲ. ಆಮೇಲೆ ಪಂಪು ಬಿಚ್ಚು, ನಾಜಲ್ ಬಿಚ್ಚು ಅಂತ ಸಾವಿರಗಟ್ಟಲೆ ಖರ್ಚು. ಕೈಗೊಂದು ಟೆಸ್ಟ್ ಲ್ಯಾಂಪ್ ತೆಗೆದುಕೊಳ್ಳಿ. ಹೀಟರ್‌ಗೆ ಬರುವ ವಯರನ್ನೋ ಪಟ್ಟಿಯನ್ನೋ ಬಿಚ್ಚಿ, ಲ್ಯಾಂಪಿನ ಒಂದು ತುದಿ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದನ್ನು ಒಂದೊಂದೇ ಹೀಟರ್ ತಲೆಗೆ ಮುಟ್ಟಿಸಿ. ಲ್ಯಾಂಪ್ ಉರಿದರೆ ಹೀಟರ್‌ನ ಒಳಗಿನ ಸುರುಳಿ ತುಂಡಾಗಿಲ್ಲ ಎಂದರ್ಥ. ಉರಿಯದಿದ್ದರೆ ಆ ಹೀಟರ್ ಸತ್ತಿದೆ. ಲ್ಯಾಂಪ್ ಇಲ್ಲದೆ ನೇರವಾಗಿ ಬ್ಯಾಟರಿ ವಯರ್ ಮುಟ್ಟಿಸಬೇಡಿ. ತೀರಾ ಹಳೆಯ ಕೆಲವು ಗಾಡಿಗಳಲ್ಲಿ ಹೀಟರ್‌ಗಳನ್ನು ಸರಮಾಲೆಯಂತೆ ಒಂದರ ಹಿಂದೊಂದು ಜೋಡಿಸಿರುತ್ತಾರೆ. ಅವು ಕಡಿಮೆ ವೋಲ್ಟಿನವು, ನೇರ 12 ವೋಲ್ಟ್ ಕೊಟ್ಟರೆ ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಈ ಸರಮಾಲೆಯಲ್ಲಿ ಒಂದು ಸತ್ತರೆ ನಾಲ್ಕೂ ತಣ್ಣಗೆ. ಬೇರೆ ಬೇರೆಯಾಗಿ ಜೋಡಿಸಿದ್ದರೆ ಒಂದು ಸತ್ತಾಗ ಗಾಡಿ ಮೂರೇ ಸಿಲಿಂಡರ್‌ನಲ್ಲಿ ಹೊತ್ತಿಕೊಂಡು, ಕುಲುಕಾಡುತ್ತಾ ಬಿಳಿ ಹೊಗೆ ಬಿಟ್ಟು, ಒಂದು ನಿಮಿಷದ ಮೇಲೆ ಸರಿಹೋಗುತ್ತದೆ. ಈ ಲಕ್ಷಣ ನಿಮ್ಮ ಗಾಡಿಯಲ್ಲಿದ್ದರೆ ಪಂಪ್ ಬಿಚ್ಚಿಸುವ ಮೊದಲು ಹೀಟರ್ ನೋಡಿಸಿ.

ಹೀಟರ್ ಸರಿ ಇದ್ದೂ ಬಳಸುವ ರೀತಿ ತಪ್ಪುವುದುಂಟು. ಹಳೆ ಮಾದರಿ ಹೀಟರ್ ಕಾಯಲು 20ರಿಂದ 30 ಸೆಕೆಂಡ್ ಬೇಕು. ಐದು ಎಣಿಸಿ ಸೆಲ್ಫ್ ಹೊಡೆದರೆ ಹೀಟರ್ ಹಾಕಿಯೂ ಹಾಕದಂತೆ. ಹಾಗಂತ ಎರಡು ನಿಮಿಷ ಒತ್ತಿ ಹಿಡಿದರೆ ಬ್ಯಾಟರಿ ಮುಗಿಯುತ್ತದೆ, ಯಾಕೆಂದರೆ ಒಂದೊಂದು ಹೀಟರೂ 10 ಆಂಪಿಯರ್ ಆಸುಪಾಸು ಎಳೆಯುತ್ತದೆ.

ಹೊಗೆಯೇ ಬರದಿದ್ದರೆ

ಮೊದಲು ನಾಚಿಕೆ ಬಿಟ್ಟು ಸ್ಟಾಪ್ ಕೇಬಲ್ ನೋಡಿ. ರಾತ್ರಿ ಎಂಜಿನ್ ನಿಲ್ಲಿಸಲು ಎಳೆದ ಗುಬ್ಬಿ ಪೂರ್ತಿ ಒಳಗೆ ಹೋಗದೆ ಅರ್ಧದಲ್ಲಿ ಸಿಕ್ಕಿಕೊಂಡಿರುತ್ತದೆ. ಚಳಿಗೆ ಕೇಬಲ್‌ನೊಳಗಿನ ಹಳೆ ಗ್ರೀಸ್ ಗಟ್ಟಿಯಾದರೆ ಇದು ಮಾಮೂಲು. ಮೆಕ್ಯಾನಿಕ್‌ನನ್ನು ಹತ್ತು ಕಿಲೋಮೀಟರ್ ಕರೆಸಿ, ಅವನು ಒಂದು ಬೆರಳಲ್ಲಿ ಗುಬ್ಬಿ ಒತ್ತಿ ಚಹಾ ಕುಡಿದು ಹೋದ ಮನೆಗಳಿವೆ. ಕೀಲಿ ತಿರುಗಿಸಿ ನಿಲ್ಲಿಸುವ ಗಾಡಿಯಾದರೆ, ಕೀಲಿ ಆನ್ ಮಾಡಿದಾಗ ಡೀಸೆಲ್ ಪಂಪಿನ ಹತ್ತಿರ "ಟಕ್" ಅಂತ ಸಣ್ಣ ಸದ್ದು ಬರಬೇಕು. ಬರದಿದ್ದರೆ ಅಲ್ಲಿನ ಸೊಲೆನಾಯ್ಡ್ ವಯರ್ ಕಳಚಿರಬಹುದು.

ಅದು ಸರಿ ಇದ್ದರೆ ಅನುಮಾನ ಏರ್ ಮೇಲೆ. ರಬ್ಬರ್ ಪೈಪು ಬಿರಿದಿದ್ದರೆ, ತಾಮ್ರದ ವಾಷರ್ ಹಳತಾಗಿದ್ದರೆ, ಹಗಲು ಒಂದು ಹನಿಯೂ ಸೋರುವುದಿಲ್ಲ. ಆದರೆ ರಾತ್ರಿ ಆ ಸಂದಿಯಿಂದ ಗಾಳಿ ನುಗ್ಗಿ, ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದುಬಿಡುತ್ತದೆ. ಬೆಳಿಗ್ಗೆ ಪಂಪಿಗೆ ಸಿಗುವುದು ಬರೀ ಗಾಳಿ. ಮುಖ ಇಳಿಮುಖ ಮಾಡಿ ನಿಲ್ಲಿಸಿದ ದಿನ ಸ್ಟಾರ್ಟ್ ಆಗುತ್ತೆ, ಏರಿಗೆ ಮುಖ ಮಾಡಿ ನಿಲ್ಲಿಸಿದ ದಿನ ಆಗಲ್ಲ ಅಂತಾದರೆ ಇದೇ ಕಾರಣ ಅಂತ ಹೆಚ್ಚುಕಮ್ಮಿ ಖಾತ್ರಿ ಮಾಡಿಕೊಳ್ಳಬಹುದು. ಫಿಲ್ಟರ್ ತಲೆಯ ಮೇಲಿನ ಏರ್ ಸ್ಕ್ರೂ ಎರಡು ಸುತ್ತು ಸಡಿಲ ಮಾಡಿ, ಹ್ಯಾಂಡ್ ಪಂಪು ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ. ಗುಳ್ಳೆಯಿಲ್ಲದ ಡೀಸೆಲ್ ಬಂದ ಮೇಲೆ ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಇದರಿಂದ ಅವತ್ತಿನ ಕೆಲಸ ಆಗುತ್ತೆ, ಆದರೆ ಸಂದಿ ಹುಡುಕಿ ವಾಷರ್ ಬದಲಿಸುವ ತನಕ ನಾಳೆಯೂ ಇದೇ ಕತೆ.

ಫಿಲ್ಟರ್ ದಾಟಿ ಮುಂದೆ, ಪಂಪಿನಿಂದ ನಾಜಲ್‌ಗೆ ಹೋಗುವ ಉಕ್ಕಿನ ಕೊಳವೆಗಳನ್ನು ಸಡಿಲಿಸುವ ಕೆಲಸ ಗೊತ್ತಿದ್ದವರೇ ಮಾಡಲಿ. ಅಲ್ಲಿನ ಒತ್ತಡಕ್ಕೆ ಡೀಸೆಲ್ ಸೂಜಿಯಂತೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಒಂದು ಚುಕ್ಕೆ, ನೋವೂ ಮೊದಲಿಗೆ ಅಷ್ಟಿರುವುದಿಲ್ಲ, ಒಳಗೆ ಮಾತ್ರ ಬೆರಳೇ ಕೊಳೆಯುವಷ್ಟು ಹಾನಿ. ಅಂಥದ್ದಾದರೆ ಅರಿಶಿನ ಹಚ್ಚಿ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಿ.

ಡೀಸೆಲ್ ಹೆಪ್ಪುಗಟ್ಟುತ್ತಾ?

ಸೈನ್ಯದಲ್ಲಿದ್ದು ನಿವೃತ್ತರಾದವರು ಮನೆಗೊಬ್ಬರಿರುವ ಜಿಲ್ಲೆ ನಮ್ಮದು. ಲೇಹ್, ಕಾರ್ಗಿಲ್ ಕಡೆ ಟ್ಯಾಂಕಿನಲ್ಲೇ ಡೀಸೆಲ್ ಗಟ್ಟಿಯಾಗುವುದು, ಲಾರಿ ಕೆಳಗೆ ಬೆಂಕಿ ಹಾಕಿ ಕಾಯಿಸುವುದು, ಸೀಮೆಎಣ್ಣೆ ಬೆರೆಸುವುದು, ಈ ಕತೆಗಳನ್ನು ಅವರ ಬಾಯಲ್ಲೇ ಕೇಳಿದ್ದೇವೆ. ಅದು ಅಲ್ಲಿಗೆ ನಿಜ. ಲಡಾಖ್‌ಗೆಂದೇ ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಮೈನಸ್ 33 ಡಿಗ್ರಿವರೆಗೆ ಹರಿಯುವ ವಿಶೇಷ ಚಳಿಗಾಲದ ಡೀಸೆಲ್ ಬಿಡುಗಡೆ ಮಾಡಿತು. ಇಲ್ಲಿಗೆ ಆ ಕತೆ ಅನ್ವಯಿಸುವುದಿಲ್ಲ. ಬಂಕ್ ಡೀಸೆಲ್‌ಗೆ ಭಾರತೀಯ ಮಾನಕ ಐಎಸ್ 1460 ಪ್ರಕಾರ ನವೆಂಬರ್‌ನಿಂದ ಫೆಬ್ರುವರಿ ತನಕ ಮೇಣ ಕಟ್ಟಿ ಫಿಲ್ಟರ್ ಮುಚ್ಚುವ ಮಿತಿ 6 ಡಿಗ್ರಿ. ಬೇಸಿಗೆ ಡೀಸೆಲ್‌ಗೆ ಆ ಮಿತಿ 18 ಡಿಗ್ರಿ. ಗಮನಿಸಬೇಕಾದ್ದು ಇಲ್ಲೇ. ಏಪ್ರಿಲ್‌ನಲ್ಲಿ ತಂದು ಬ್ಯಾರೆಲ್‌ನಲ್ಲಿಟ್ಟ ಡೀಸೆಲನ್ನು ಜನವರಿಯಲ್ಲಿ ಗಾಡಿಗೆ ಹಾಕುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಅದರಲ್ಲಿ ಮೇಣಕ್ಕಿಂತ ಹೆಚ್ಚಾಗಿ ಮಳೆಗಾಲದ ನೀರು ಸೇರಿರುತ್ತದೆ. ಫಿಲ್ಟರ್ ತಳದ ಸ್ಕ್ರೂ ಸಡಿಲಿಸಿ ನೀರು ಇಳಿಸುವ ಕೆಲಸ ಚಳಿಗಾಲಕ್ಕೆ ಮೊದಲು ಒಮ್ಮೆ ಆಗಲಿ.

ಸೀಮೆಎಣ್ಣೆ ಬೆರೆಸುವುದಂತೂ ಬೇಡವೇ ಬೇಡ. ಡೀಸೆಲ್ ಪಂಪಿನ ಒಳಗಿನ ಭಾಗಗಳಿಗೆ ಡೀಸೆಲ್ಲೇ ಎಣ್ಣೆ. ಸೀಮೆಎಣ್ಣೆಗೆ ಆ ಜಿಡ್ಡು ಇಲ್ಲ, ಪಂಪ್ ಬೇಗ ಸವೆಯುತ್ತದೆ.

ಎಂಜಿನ್ ಆಯಿಲ್ ಬಗ್ಗೆ ಒಂದೇ ಮಾತು. ಹೊಗೆ ಕಡಿಮೆಯಾಗಲಿ, ಆಯಿಲ್ ಕುಡಿಯುವುದು ನಿಲ್ಲಲಿ ಅಂತ ದಪ್ಪ ಆಯಿಲ್ ಹಾಕಿಸಿದ್ದರೆ ಬೆಳಗಿನ ಸೆಲ್ಫ್ ಕಷ್ಟಕ್ಕೆ ಅದೂ ಕಾರಣ. ಹೆಚ್ಚಿನ ಹಳೆ ಡೀಸೆಲ್ ಎಂಜಿನ್‌ಗಳಿಗೆ 15ಡಬ್ಲ್ಯು-40 ನಮ್ಮ ಚಳಿಗೆ ಧಾರಾಳ ಸಾಕು.

ಇಳಿಜಾರೇ ಸೆಲ್ಫ್ ಆದಾಗ

ಸೆಲ್ಫ್ ಕೈಕೊಟ್ಟ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬೆಳಿಗ್ಗೆ ಉರುಳಿಸಿ ಸ್ಟಾರ್ಟ್ ಮಾಡುವುದು ನಮ್ಮಲ್ಲಿ ಹೊಸದಲ್ಲ. ವರ್ಷಗಟ್ಟಲೆ ಹೀಗೇ ಓಡಿಸುವವರಿದ್ದಾರೆ. ಮೆಕ್ಯಾನಿಕಲ್ ಪಂಪಿನ ಹಳೆ ಡೀಸೆಲ್ ಎಂಜಿನ್ ಬ್ಯಾಟರಿ ಬಹುತೇಕ ಸತ್ತಿದ್ದರೂ ಹೀಗೆ ಸ್ಟಾರ್ಟ್ ಆಗುತ್ತದೆ ಎಂಬುದು ನಿಜ. ಆದರೆ ಇದು ಕೈಕೊಡುವ ಕ್ಷಣ ಯಾವುದು ಅಂತ ಗೊತ್ತಿರಬೇಕು.

ಬೂಸ್ಟರ್ ಬ್ರೇಕ್ ಇರುವ ಗಾಡಿಯಲ್ಲಿ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಹುಟ್ಟುವುದು ಎಂಜಿನ್ ಓಡುವಾಗ ಮಾತ್ರ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಅದು ಖಾಲಿಯಾಗಿರಬಹುದು. ಉರುಳುವ ಗಾಡಿಯಲ್ಲಿ ಎಂಜಿನ್ ಹೊತ್ತಿಕೊಳ್ಳದಿದ್ದರೆ ಪೆಡಲ್ ಕಲ್ಲಿನಂತೆ ಗಟ್ಟಿ. ಎರಡು ಕಾಲಲ್ಲಿ ತುಳಿದರೆ ನಿಲ್ಲುತ್ತದೆ, ಆದರೆ ಯಾವಾಗಿನ ಅಂದಾಜಿನಲ್ಲಿ ತುಳಿದವನಿಗೆ ಅಷ್ಟರಲ್ಲಿ ತಿರುವು ಬಂದಿರುತ್ತದೆ. ಪವರ್ ಸ್ಟೇರಿಂಗ್ ಇದ್ದರೆ ಅದೂ ಭಾರ. ಇಳಿಜಾರಿನ ಕೊನೆಯಲ್ಲಿ ತಿರುವು, ಕೆರೆ, ಮನೆ, ರಸ್ತೆ ಇದ್ದರೆ ಆ ಜಾಗದಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬಾರದು. ಸಮತಟ್ಟು ಜಾಗದಲ್ಲಿ ಕೊನೆಯಾಗುವ, ನೇರ, ಸಣ್ಣ ಇಳಿಜಾರು ಬೇಕು.

ಕಲ್ಲು ತೆಗೆಯುವುದು ಇನ್ನೊಂದು ಅಪಾಯ. ಮೊದಲು ಡ್ರೈವರ್ ಸೀಟಿನಲ್ಲಿ ಕೂತು, ಬ್ರೇಕ್ ತುಳಿದು, ಕೀಲಿ ಆನ್ ಮಾಡಿರಬೇಕು. ಕಲ್ಲು ತೆಗೆಯುವವರು ಪಕ್ಕದಿಂದ ತೆಗೆಯಬೇಕು, ಚಕ್ರದ ಮುಂದೆ ನಿಂತಲ್ಲ. ಮಕ್ಕಳ ಕೈಯಲ್ಲಿ ಈ ಕೆಲಸ ಮಾಡಿಸಬೇಡಿ. ಗೇರು ಎರಡು ಅಥವಾ ಮೂರರಲ್ಲಿರಲಿ, ಒಂದನೇ ಗೇರಿನಲ್ಲಿ ಚಕ್ರವೇ ಕಚ್ಚಿಕೊಂಡು ಜಾರುತ್ತದೆ. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಕೇಳುವುದೇ ಬೇಡ. ವೇಗ ಬಂದ ಮೇಲೆ ಕ್ಲಚ್ ಬಿಟ್ಟು, ಎಂಜಿನ್ ಹೊತ್ತಿದ ಕೂಡಲೇ ಒತ್ತಿ ಹಿಡಿಯಿರಿ. ಕಾಮನ್ ರೇಲ್ ಬಂದ ಮೇಲಿನ ಹೊಸ ಡೀಸೆಲ್ ಗಾಡಿಗಳಲ್ಲಿ ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ತಳ್ಳಿದರೂ ಸ್ಟಾರ್ಟ್ ಆಗುವುದಿಲ್ಲ, ಅವುಗಳ ಡೀಸೆಲ್ ಲೆಕ್ಕ ಕಂಪ್ಯೂಟರ್ ನೋಡಿಕೊಳ್ಳುತ್ತದೆ.

ಬೇರೆ ಗಾಡಿಯಿಂದ ಕೇಬಲ್ ಎಳೆದು ಸ್ಟಾರ್ಟ್ ಮಾಡುವುದು ಇದಕ್ಕಿಂತ ಎಷ್ಟೋ ಮೇಲು. ಪಾಸಿಟಿವ್‌ಗೆ ಪಾಸಿಟಿವ್ ಕೊಡಿ. ನೆಗೆಟಿವ್ ಕೇಬಲಿನ ಕೊನೆಯ ತುದಿಯನ್ನು ಸತ್ತ ಬ್ಯಾಟರಿಗಲ್ಲ, ಅದರಿಂದ ದೂರದಲ್ಲಿ ಎಂಜಿನ್‌ನ ಲೋಹಕ್ಕೆ ಕೊಡಿ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಕೊನೆಯ ಜೋಡಣೆಯ ಕಿಡಿ ಅದರ ಹತ್ತಿರ ಬಿದ್ದರೆ ಬ್ಯಾಟರಿ ಸಿಡಿದು ಆಸಿಡ್ ಮುಖಕ್ಕೆ ಬರಬಹುದು. ದೊಡ್ಡ ಲಾರಿ, ಬಸ್ಸುಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್ ಇರುತ್ತದೆ, ಅಲ್ಲಿಂದ ಜೀಪಿಗೆ ಎಳೆಯಬೇಡಿ.

ಈ ಮೂರು ಮಾತ್ರ ಮಾಡಬೇಡಿ

ಏರ್ ಫಿಲ್ಟರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು ಅಥವಾ ಈಥರ್ ಸ್ಪ್ರೇ ಹೊಡೆಯುವುದು ಕೆಲವು ಕಡೆ ರೂಢಿಯಾಗಿಬಿಟ್ಟಿದೆ. ಇವು ಡೀಸೆಲ್‌ಗಿಂತ ಬಹಳ ಬೇಗ, ಪಿಸ್ಟನ್ ಮೇಲೆ ಬರುವ ಮೊದಲೇ ಹೊತ್ತಿಕೊಂಡು ರಿಂಗನ್ನೋ ಪಿಸ್ಟನ್ನನ್ನೋ ಒಡೆಯಬಹುದು. ಹೀಟರ್ ಕಾದಿರುವಾಗ ಹೊಡೆದರೆ ಬೆಂಕಿ ಹಿಂದಕ್ಕೆ ಬಂದು ಮುಖಕ್ಕೇ ಬಡಿಯುತ್ತದೆ. ಕೆಲವು ಟ್ರ್ಯಾಕ್ಟರ್‌ಗಳಲ್ಲಿ ಗಾಳಿ ಕೊಳವೆಯಲ್ಲೇ ಡೀಸೆಲ್ ಹನಿ ಉರಿಸಿ ಗಾಳಿ ಬಿಸಿ ಮಾಡುವ ವ್ಯವಸ್ಥೆ ಇರುತ್ತದೆ, ಅಲ್ಲೂ ಇದೇ ಅಪಾಯ.

ಸೆಲ್ಫ್ ಮೋಟಾರ್‌ನ ಎರಡು ಬೋಲ್ಟ್‌ಗೆ ಸ್ಪ್ಯಾನರ್ ಅಡ್ಡ ಕೊಟ್ಟು ಹೊರಗಿನಿಂದಲೇ ಸ್ಟಾರ್ಟ್ ಮಾಡುವುದು ಎರಡನೆಯದು. ಗಾಡಿ ಗೇರಿನಲ್ಲಿದ್ದರೆ ಅದು ಹೊತ್ತಿಕೊಂಡು ಹೊರಡುವುದು ನೇರ ನಿಮ್ಮ ಮೈಮೇಲೆ. ಟ್ರ್ಯಾಕ್ಟರ್ ದೊಡ್ಡ ಚಕ್ರದ ಮುಂದೆ ನಿಂತು ಇದನ್ನು ಮಾಡುವವರು ಆ ಚಕ್ರವನ್ನೊಮ್ಮೆ ನೋಡಿಕೊಳ್ಳಲಿ.

ಮೂರನೆಯದು, ಬಾಗಿಲು ಹಾಕಿದ ಶೆಡ್‌ನಲ್ಲಿ ಎಂಜಿನ್ ಬಿಸಿ ಮಾಡುವುದು. ಡೀಸೆಲ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಪೆಟ್ರೋಲ್ ಹೊಗೆಗಿಂತ ಕಡಿಮೆ, ಆದರೆ ಇಲ್ಲವೆಂದಲ್ಲ. ತಣ್ಣಗಿನ ಎಂಜಿನ್‌ನ ಅರ್ಧಂಬರ್ಧ ಉರಿದ ಹೊಗೆ ಇನ್ನೂ ಕೆಟ್ಟದು. ಶೆಡ್ಡಿಗೆ ಅಂಟಿಕೊಂಡೇ ಮಲಗುವ ಕೋಣೆ ಇರುವ ಮನೆಗಳು ವಿಶೇಷ ಎಚ್ಚರ ವಹಿಸಬೇಕು. ಸ್ಟಾರ್ಟ್ ಆದ ಮೇಲೆ ಆಯಿಲ್ ಮೇಲೇರಲು ಅರ್ಧ ನಿಮಿಷ, ಒಂದು ನಿಮಿಷ ಬಿಟ್ಟು ಗಾಡಿ ಹೊರಗೆ ತನ್ನಿ. ಹತ್ತು ನಿಮಿಷ ನಿಲ್ಲಿಸಿ ಬಿಸಿ ಮಾಡುವುದಕ್ಕಿಂತ ಮೆಲ್ಲಗೆ ಓಡಿಸಿದರೇ ಎಂಜಿನ್ ಬೇಗ ಬಿಸಿಯಾಗುತ್ತದೆ.

ನಾಳೆ ಬೆಳಿಗ್ಗೆ

ಗೇರು ನ್ಯೂಟ್ರಲ್‌ಗೆ ತನ್ನಿ. ಲೈಟು, ಹಾಡು ಎಲ್ಲ ಆಫ್ ಮಾಡಿ. ಹೀಟರ್ ಇದ್ದರೆ ಅದಕ್ಕೆ ಬೇಕಾದಷ್ಟು ಸಮಯ ಕೊಡಿ. ಕ್ಲಚ್ ಪೂರ್ತಿ ತುಳಿಯಿರಿ, ಆಗ ಗೇರ್ ಬಾಕ್ಸಿನ ಗಟ್ಟಿ ಆಯಿಲನ್ನು ಸೆಲ್ಫ್ ಎಳೆಯಬೇಕಾಗಿಲ್ಲ. ಇದೊಂದರಿಂದಲೇ ಸೋತ ಬ್ಯಾಟರಿಯಲ್ಲೂ ಎಷ್ಟೋ ಸಲ ಕೆಲಸ ಆಗಿಬಿಡುತ್ತದೆ. ಆಕ್ಸಿಲೇಟರ್ ಅರ್ಧ ಒತ್ತಿ ಸೆಲ್ಫ್ ಹೊಡೆಯಿರಿ, ಹೊತ್ತಿದ ಕೂಡಲೇ ಕಾಲು ತೆಗೆಯಿರಿ. ಎರಡು ಪ್ರಯತ್ನಕ್ಕೂ ಆಗದಿದ್ದರೆ ನಿಲ್ಲಿಸಿ. ಮನೆಯಲ್ಲಿ ರೋಗಿ ಇದ್ದರೆ ಆ ಹೊತ್ತಿಗೆ ಜೀಪಿನ ಜೊತೆ ಹಠಕ್ಕೆ ಬೀಳದೆ 108ಕ್ಕೆ ಫೋನ್ ಮಾಡಿ, ಪಕ್ಕದ ಮನೆಯವರನ್ನು ಎಬ್ಬಿಸಿ.

ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ "ಗಾಡಿ ಸ್ಟಾರ್ಟ್ ಆಗ್ತಿಲ್ಲ" ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಎಂಜಿನ್ ಪ್ಯೂಜೊನಾ ಡಿಐನಾ, ಸೆಲ್ಫ್ ಜೋರಾಗಿ ತಿರುಗುತ್ತಾ ನಿಧಾನವಾ, ಹೊಗೆ ಬರುತ್ತಾ ಇಲ್ವಾ, ರಾತ್ರಿ ಯಾವ ಕಡೆಗೆ ಮುಖ ಮಾಡಿ ನಿಲ್ಲಿಸಿದ್ದು, ಬಿಸಿಲೇರಿದ ಮೇಲೆ ತಾನಾಗಿ ಸ್ಟಾರ್ಟ್ ಆಗುತ್ತಾ ಅಂತ ಹೇಳಿ. ಹೀಟರ್ ತರಬೇಕೋ, ಬ್ಯಾಟರಿ ತರಬೇಕೋ, ತಾಮ್ರದ ವಾಷರ್ ತರಬೇಕೋ ಅಂತ ಅವರು ಅಲ್ಲಿಂದಲೇ ತಿಳಿದುಕೊಂಡು ಹೊರಡುತ್ತಾರೆ.